ನೂರ ಅರವತ್ತಮೂರು ಮನೆಗೆ ಒಂದು ರುಜು

"ಮಾನ್ಯರೇ" ಎಂದು ಈ ಮೂರು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಯಾವ ಮಾನ್ಯರೂ ತಿರುಗಿ ಒಂದು ಸಾಲು ಬರೆದಿಲ್ಲ. ಕಾಗದ ತಲುಪಿತು ಅನ್ನುವುದಕ್ಕೆ ಮೂಲೆಯಲ್ಲೊಂದು ನೇರಳೆ ಸೀಲು ಬೀಳುತ್ತದೆ, ಅಷ್ಟೇ. ಆ ಸೀಲಿನ ಕಾಗದಗಳಿಂದ ನಮ್ಮ ಮನೆಯ ಟ್ರಂಕು ತುಂಬಿದೆ. ಇಲಿ ತಿಂದುಹೋದರೂ ಬೇಜಾರಿಲ್ಲ ಅನ್ನುವಷ್ಟು ಸಾಕಾಗಿದೆ ನನಗೆ.

ವಿಷಯ ಇಷ್ಟೇ. ನಮ್ಮ ಹೆಮ್ಮರಗಾಲಕ್ಕೂ ಕವಲಂದೆಗೂ ನಡುವಿನ ಹೊಲಗಳಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಸ್ಥಾವರ ಕಟ್ಟುತ್ತೇವೆಂದು ಒಂದು ಕಂಪನಿ ಬಂತು. ಕಲ್ಲಿದ್ದಲು ರೈಲಿನಲ್ಲಿ ಕವಲಂದೆಗೆ ಬರುತ್ತದಂತೆ, ನೀರು ಕಬಿನಿಯಿಂದ ಬರುತ್ತದಂತೆ, ಕರೆಂಟು ಎಲ್ಲಿಗೋ ಹೋಗುತ್ತದಂತೆ, ಬೂದಿ ಮಾತ್ರ ಇಲ್ಲೇ ಇರುತ್ತದಂತೆ. ಊರು ಬೇಡ ಅಂದಿತು. ಬೇಡ ಅನ್ನುವುದು ಒಂದು ದಿನದ ಕೆಲಸ ಎಂದುಕೊಂಡಿದ್ದೆವು. ಮೊದಲ ವರ್ಷ ಧರಣಿಗೆ ನಾಲ್ಕು ಟ್ರ್ಯಾಕ್ಟರ್ ಜನ ಹೋದೆವು. ಎರಡನೇ ವರ್ಷ ಒಂದು ಟ್ರ್ಯಾಕ್ಟರ್. ಈ ವರ್ಷ ಆರೇಳು ಜನ ಬಸ್ಸಿನಲ್ಲಿ ಹೋಗಿ, ಬ್ಯಾನರ್ ಹಿಡಿಯಲು ಜನ ಸಾಲದೆ ಅದರ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿದೆವು.

ನಾನು ಇಂದ್ರಾಣಿ, ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ. ಗಂಡ ತೀರಿಕೊಂಡು ಎಂಟು ವರ್ಷವಾಯಿತು. ಮಗಳು ಕವನ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳ ಹಾಸ್ಟೆಲ್ಲೂ ನನ್ನ ಒಲೆಯೂ ನಡೆಯುವುದು ಈ ಕೆಲಸದಿಂದ. ಮೂರು ವರ್ಷದ ಅರ್ಜಿಗಳನ್ನೆಲ್ಲ ಬರೆದವಳು ನಾನೇ, ಆದರೆ ಒಂದಕ್ಕೂ ರುಜು ಹಾಕಿದವಳಲ್ಲ. ರುಜು ಹಾಕುತ್ತಿದ್ದವನು ನಮ್ಮಪ್ಪ ಚನ್ನಯ್ಯ.

ಅಪ್ಪ ನಮ್ಮ ಬೀದಿಯ ಯಜಮಾನ. ನಮ್ಮಲ್ಲಿ ಮದುವೆಯ ಮಾತು, ಸಾವಿನ ಮಣ್ಣು, ಗಂಡ ಹೆಂಡಿರ ಜಗಳ, ಭವನಕ್ಕೆ ಬಣ್ಣ ಹೊಡೆಸುವುದು, ಯಾವುದಕ್ಕೂ ಮನೆಗೊಬ್ಬರು ಬಂದು ಅಂಬೇಡ್ಕರ್ ಭವನದ ಜಗಲಿಯಲ್ಲಿ ಕೂರುತ್ತಾರೆ. ಮಾತಾಡುವಷ್ಟು ಆಡುತ್ತಾರೆ. ಕೊನೆಗೆ ಯಜಮಾನ ಎದ್ದು "ಒಪ್ಗೆನಾ?" ಅನ್ನುತ್ತಾನೆ. ಯಾರೂ ತುಟಿ ಬಿಚ್ಚದಿದ್ದರೆ ಒಪ್ಪಿಗೆ. ಆಮೇಲೆ ಯಜಮಾನನ ಒಂದು ರುಜು ನೂರ ಅರವತ್ತಮೂರು ಮನೆಯ ರುಜು. ನಮ್ಮ ತಾತನ ಕಾಲದಲ್ಲೂ ಹಾಗೆಯೇ ಇತ್ತು. ಅಪ್ಪನಿಗೆ ಓದು ಬಾರದು. ಆ ರುಜು ಹಾಕಬೇಕೆಂದೇ ತನ್ನ ಹೆಸರೊಂದನ್ನು ಬರೆಯಲು ಕಲಿತಿದ್ದ. ಚ, ನ್ನ, ಯ್ಯ. ಪ್ರತಿ ಅಕ್ಷರಕ್ಕೂ ಪೆನ್ನು ಎತ್ತಿ, ಉಸಿರು ಬಿಟ್ಟು, ಮುಂದಿನದಕ್ಕೆ ಹೋಗುತ್ತಾನೆ.

ಆ ರುಜುವಿನ ನೆರಳಲ್ಲಿ ನಾನು ಮೂರು ವರ್ಷ ತಂಪಾಗಿದ್ದೆ. ಹೋದ ವರ್ಷ ಮೇಲ್ವಿಚಾರಕಿ ಮಂಗಳಗೌರಿ ಮೇಡಂ ತಪಾಸಣೆಗೆ ಬಂದವರು ಹಾಜರಾತಿ ನೋಡುತ್ತಾ ನೋಡುತ್ತಾ ಹೇಳಿದರು: "ಇಂದ್ರಾಣಿ, ಯಾರೋ ಅಂಗನವಾಡಿಯವರೇ ಅರ್ಜಿ ಬರ್ಕೊಡ್ತಿದ್ದಾರೆ ಅಂತ ಮೇಲಕ್ಕೆ ದೂರು ಹೋಗಿದೆ. ಯಾವ ಕಾಗದದಲ್ಲೂ ಹೆಸರಿಲ್ಲ, ಅದಕ್ಕೇ ಸುಮ್ನಿದ್ದಾರೆ. ಹೆಸರು ಸಿಕ್ಕಿದ್ರೆ ನನ್ನ ಕೈಲೂ ಆಗಲ್ಲ. ನೀವಲ್ಲ ತಾನೆ?"

"ನಾನಲ್ಲ ಮೇಡಂ" ಅಂದೆ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಕ್ಕಳು ಮೊಟ್ಟೆ ತಿನ್ನುತ್ತಿದ್ದವು. ಆ ಮಕ್ಕಳೆದುರು ಸುಳ್ಳು ಹೇಳಿದ್ದಕ್ಕೆ ನನಗೆ ಬಹಳ ದಿನ ನಾಚಿಕೆಯಾಗುತ್ತಿತ್ತು.

ಅಷ್ಟು ಹೆದರಿಕೆಯಿದ್ದವಳು ಸುಮ್ಮನಿರಬಾರದಿತ್ತೇ ಅಂದರೆ, ಇರಬಹುದಿತ್ತು. ಆದರೆ ನಮ್ಮ ಅಂಗನವಾಡಿಗೆ ಶೀಟಿನ ಮಾಡು. ಎರಡು ಬೇಸಿಗೆಯ ಹಿಂದೆ ಏಪ್ರಿಲ್ಲಿನಲ್ಲಿ, ಬರಬೇಕಾದ ಮಳೆ ಬಾರದೆ ಬಿಸಿಲು ಒಂದೇ ಸಮನೆ ಹೊಡೆಯಿತು. ಅಂಥ ಬಿಸಿಲನ್ನು ಅಪ್ಪ ತನ್ನ ಆಯಸ್ಸಿನಲ್ಲೇ ಕಂಡಿರಲಿಲ್ಲವಂತೆ. ಗೋಡೆಗೆ ನೇತುಹಾಕಿದ ಥರ್ಮಾಮೀಟರಿನಲ್ಲಿ ಮಧ್ಯಾಹ್ನಕ್ಕೆ ನಲವತ್ತೊಂದು ತೋರಿಸುತ್ತಿತ್ತು. ಒಂದು ದಿನ ನಮ್ಮ ಬೀದಿಯ ಮುದ್ದಮ್ಮನ ಮೊಮ್ಮಗ ಊಟದ ತಟ್ಟೆ ಹಿಡಿದುಕೊಂಡೇ ಕುಸಿದುಬಿಟ್ಟ. ನಂಜನಗೂಡಿನ ಆಸ್ಪತ್ರೆಗೆ ಹೋಗುವವರೆಗೆ ಅವನು ನನ್ನ ತೊಡೆಯ ಮೇಲಿದ್ದ. ಬದುಕಿಕೊಂಡ. ಆದರೆ ಆ ಆಟೋದಲ್ಲಿ ಕೂತಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಕವಲಂದೆಯ ಕಲ್ಯಾಣ ಮಂಟಪದಲ್ಲಿ ಅಹವಾಲು ಸಭೆ ನಡೆದಾಗ ಅಪ್ಪ ಈ ಮಾತು ಎತ್ತಿದ. ಕಲ್ಲಿದ್ದಲು ಸುಟ್ಟಷ್ಟೂ ಭೂಮಿ ಕಾಯುತ್ತದೆ, ಈಗಿರುವ ಬಿಸಿಲೇ ನಮ್ಮ ಮಕ್ಕಳಿಗೆ ತಡೆಯಲಾಗುತ್ತಿಲ್ಲ ಅಂದ. ಕಂಪನಿಯವನು ಬಹಳ ಮರ್ಯಾದೆಯಿಂದ ನಕ್ಕು, ಇದೊಂದು ಸ್ಥಾವರದಿಂದ ಭೂಮಿ ಕಾಯುತ್ತದಾ ಯಜಮಾನರೇ ಅಂದ. ಚಪ್ಪಾಳೆ ಹೊಡೆದವರೂ ಇದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಊರಿನಲ್ಲೂ ಇದೊಂದೇ ಅನ್ನುತ್ತಾ ಹೋದರೆ ಇನ್ನು ಕಾಯಿಸುವುದು ಯಾವುದು? ಎದ್ದು ಕೇಳಬೇಕೆನಿಸಿತು. ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದೆ.

ಸಭೆಯಾದ ಮೇಲೆ ಲಿಖಿತ ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟರು. ಎರಡನೇ ದಿನಕ್ಕೇ ಅಪ್ಪ ಭವನದಲ್ಲಿ ಜನ ಸೇರಿಸಿ, "ಒಪ್ಗೆನಾ?" ಅಂದು, ನಾನು ಬರೆದ ನಾಲ್ಕು ಪುಟಕ್ಕೆ ರುಜು ಹಾಕಿ ಕೊಟ್ಟು ಬಂದಿದ್ದ. ನಮ್ಮ ಕೆಲಸ ಮುಗಿಯಿತೆಂದು ನಾವು ಕೈ ತೊಳೆದುಕೊಂಡೆವು.

ಇಪ್ಪತ್ತೈದನೇ ದಿನ ಬೆಳಿಗ್ಗೆ ನಂಜೇಶ ಬಂದ. ಅವನು ಮೇಲಿನ ಬೀದಿಯವನು, ಲಿಂಗಾಯತರ ಹುಡುಗ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೋರಾಟ ಸಮಿತಿಯಲ್ಲಿ ಇನ್ನೂ ಉಸಿರಿರುವುದು ಅವನೊಬ್ಬನಿಗೇ. ನಂಜನಗೂಡಿನ ಕಚೇರಿಯ ಬೋರ್ಡಿಗೆ ಹಾಕಿದ್ದ ಆಕ್ಷೇಪಣೆಗಳ ಪಟ್ಟಿಯನ್ನು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದ.

"ಇಂದ್ರಾಣಕ್ಕ, ಟಿ. ನರಸೀಪುರದ್ ಕಡೆಯಿಂದ, ಹೆಮ್ಮಿಗೆಯೊಂದರಿಂದಲೇ ಇನ್ನೂರ ಅನ್ನೆರಡು ಬಂದವೆ. ಕಬಿನಿ ನೀರು ಇಲ್ಲಿ ಎತ್ತಿದ್ರೆ ಕೆಳಗಿರೋ ಅವರ್ ಒಳೆಗೆ ನೀರಿನ ಚಿಂತೆ. ನಮ್ ಮೇಲಿನ ಬೀದಿಯಿಂದ ಮೂವತ್ತೇಳು. ನಿಮ್ ಬೀದಿಯಿಂದ ಒಂದು."

"ಒಂದಾ?" ಅಂದೆ.

ಅವನು ಪರದೆಯನ್ನು ಹಿಗ್ಗಿಸಿ ತೋರಿಸಿದ. ಕ್ರಮ ಸಂಖ್ಯೆ ಮೂವತ್ತೆಂಟು. ಚನ್ನಯ್ಯ ಬಿನ್ ಲೇಟ್ ಚಾಮಯ್ಯ. ಷರಾ: ವೈಯಕ್ತಿಕ ಆಕ್ಷೇಪಣೆ.

ಅಪ್ಪ ಜಗಲಿಯ ಮೇಲೆ ಟೀ ಕುಡಿಯುತ್ತಿದ್ದ. "ವೈಯಕ್ತಿಕ ಅಂದ್ರೇನವ್ವ?" ಅಂದ.

"ನಿನ್ನೊಬ್ಬಂದು ಅಂತ ಕಣಪ್ಪ."

ಅಪ್ಪ ಲೋಟ ಕೆಳಗಿಟ್ಟ. "ನನ್ನೊಬ್ಬಂದು ಅಂತ ನಾನ್ ಯಾವಾಗ್ ಯೋಳ್ದೆ? ಬೀದಿದು ಅಂತ ತಾನೆ ಯೋಳಿದ್ದು?"

"ಅವ್ರಿಗೆ ಬೀದಿ ಗೊತ್ತಿಲ್ಲ ಚನ್ನಯ್ಯಣ್ಣ," ಅಂದ ನಂಜೇಶ. "ಒಬ್ರಿಗೆ ಒಂದು ಕಾಗ್ದ, ಒಂದು ಸೈನು. ಜೆರಾಕ್ಸ್ ಮಾಡ್ಸಿದ್ರೆ ಅದೂ ಒಂದೇ ಲೆಕ್ಕ. ಇನ್ನೈದು ದಿನ ಅದೆ."

ಇಡೀ ಬೀದಿಯ ತೂಕ ತನ್ನ ಮೂರು ಅಕ್ಷರಕ್ಕಿದೆ ಎಂದು ಅರವತ್ತೆಂಟರ ವಯಸ್ಸಿನವರೆಗೂ ನಂಬಿದ್ದ ಮನುಷ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನಗೆ ಅಳು ಬಂತು, ಜೊತೆಗೆ ಕೋಪವೂ ಬಂತು. ನಾಲ್ಕಕ್ಷರ ಕಲಿತವಳು ನಾನಿದ್ದೆ. ಮೂವತ್ತು ದಿನ ಕೊಟ್ಟ ಅಧಿಸೂಚನೆಯಲ್ಲಿ ಒಬ್ಬರಿಗೊಂದು ಕಾಗದ ಎಂದಿದ್ದ ಕೊನೆಯ ಸಾಲನ್ನು ಓದಬೇಕಾದವಳು ನಾನು. ಒಂದು ರುಜು ಸಾಕು ಅನ್ನುವುದು ನನಗೂ ಬೇಕಾಗಿತ್ತು, ಅದಕ್ಕೇ ಓದಲಿಲ್ಲವೇನೋ.

ಆವತ್ತು ಸಂಜೆಯಿಂದ ಅಪ್ಪ ಮನೆಮನೆಗೆ ಹೊರಟ. ಯಜಮಾನ ಮನೆಗೆ ಹೋಗಿ ಕೇಳುವುದು ನಮ್ಮಲ್ಲಿಲ್ಲ; ಜನವೇ ಯಜಮಾನನ ಹತ್ತಿರ ಬರುವುದು. ಮೊದಲ ಬಾಗಿಲಲ್ಲಿ ಅವನಿಗೆ ಏನೆಂದು ಕೂಗಬೇಕೆಂದೇ ತೋಚದೆ ಕೆಮ್ಮಿ ನಿಂತ. ಬರೆಯಬಲ್ಲವರಿಗೆ ನಾನು ಮಾದರಿ ಕೊಟ್ಟೆ. ಬಾರದವರಿಗೆ ಅವರ ಬಾಗಿಲಲ್ಲೇ ಕೂತು ಬರೆದೆ. ಎಲ್ಲ ಒಂದೇ ತರಹ ಇರಬಾರದೆಂದು ನಂಜೇಶ ಹೇಳಿದ್ದರಿಂದ ಒಬ್ಬೊಬ್ಬರನ್ನೂ ನಿಮಗೆ ಯಾಕೆ ಬೇಡ ಎಂದು ಕೇಳುತ್ತಾ ಹೋದೆ.

"ಯಜಮಾನ ಆಕವ್ನಲ್ಲ, ಇನ್ ನಂದ್ಯಾಕವ್ವ?" ಎಂದೇ ಎಲ್ಲರೂ ಶುರುಮಾಡುತ್ತಿದ್ದರು. ಆಮೇಲೆ ಹೇಳುತ್ತಿದ್ದರು. ಮುದ್ದಮ್ಮ ಮೊಮ್ಮಗನ ವಿಷಯ ಹೇಳಿದಳು. ಮಂಚಮ್ಮ, "ಬೂದಿ ಬಿದ್ರೆ ಬಟ್ಟೆ ಎಲ್ಲಿ ಒಣಗಾಕ್ಲಿ, ಅದ್ನೂ ಬರಿ" ಅಂದಳು. ಅಲಸಂದೆ ಹೂವು ಕಾವಿಗೆ ಉದುರಿಹೋಯಿತು ಎಂದು ಒಬ್ಬರು, ರೋಹಿಣಿ ಮಳೆ ಯಾವಾಗ ಬರುತ್ತದೋ ಈಗ ಹೇಳುವ ಹಾಗಿಲ್ಲ ಎಂದು ಇನ್ನೊಬ್ಬರು. ಮೂರು ವರ್ಷದಿಂದ ಅವರ ಪರವಾಗಿ ಬರೆದ ನನಗೆ ಇದರಲ್ಲಿ ಅರ್ಧ ಗೊತ್ತೇ ಇರಲಿಲ್ಲ. ನಾನು ಪೇಪರಿನಲ್ಲಿ ಓದಿದ್ದನ್ನು ನೋಡಿ ಜಾಗತಿಕ ತಾಪಮಾನ ಎಂದೆಲ್ಲ ಬರೆದಿದ್ದೆ.

ಚಿಕ್ಕಪ್ಪನ ಮಗ ಮಾದೇಶ ಮಾತ್ರ ಬಾಗಿಲಿಗೆ ಅಡ್ಡ ನಿಂತ. "ನಾನು ಐಟಿಐ ಓದಿವ್ನಿ ದೊಡ್ಡಪ್ಪ. ಅಲ್ಲಿ ಕೆಲ್ಸ ಸಿಕ್ಕಿದ್ರೆ ಓಯ್ತೀನಿ. ಮೂರು ವರ್ಸದಿಂದ ನನ್ ಮನೇನೂ ಸೇರಿಸ್ಕಂಡೇ ಸೈನ್ ಆಕಿದ್ದೀಯ. ಒಂದ್ಮಾತು ಕೇಳಿದ್ಯಾ?"

"ಭವನದಲ್ಲಿ ಕೇಳಿದ್ನಲ್ಲಲಾ. ನೀನೂ ಕುಂತಿದ್ದೆ."

"ಎಲ್ರೆದ್ರಿಗೆ ನಿನ್ ಮಾತು ಮೀರಾಕಾದದಾ?"

ಅಪ್ಪ ಹೆಗಲ ಟವೆಲ್ಲು ತೆಗೆದು ಕೈಗೆ ಹಿಡಿದುಕೊಂಡ. "ಇಲ್ಲ," ಅಂದ. "ತಪ್ಪಾಯ್ತು ಕಣ್ಲಾ ಮಾದೇಶ." ಮಾದೇಶನ ಮುಖ ಸಣ್ಣಗಾಯಿತು. ಅವನು ಬರೆದುಕೊಡಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಅಂಥವು ಮೂವತ್ತೊಂದು ಮನೆ ಸಿಕ್ಕವು, ಇನ್ನು ಹನ್ನೆರಡು ಮನೆಗೆ ಬೀಗ ಹಾಕಿತ್ತು. ಒಂದೊಂದು ಬಾಗಿಲು ದಾಟಿದಾಗಲೂ ಅಪ್ಪ ಇನ್ನಷ್ಟು ಮುದುಕನಾದ ಹಾಗೆ ಕಾಣುತ್ತಿದ್ದ.

ಕೊನೆಗೆ ಉಳಿದದ್ದು ಅವನ ಸ್ವಂತ ಮನೆ. ಅವ್ವ ಮಹದೇವಮ್ಮ ಒಳಗಿನಿಂದಲೇ, "ಕುಂತ್ಕಳಿ, ಮುದ್ದೆ ತೊಳಸ್ತಾವ್ನಿ" ಅಂದು ಅರ್ಧ ಗಂಟೆ ಕಾಯಿಸಿದಳು. ಬಂದು ಕೂತು, "ನಲವತ್ತಾರು ವರ್ಸಕ್ಕೆ ಮೊದ್ಲ ಸಲ ಕೇಳಕ್ ಬಂದವ್ನೆ. ಕೇಳ್ಲಿ, ಬಾಯ್ಬುಟ್ ಕೇಳ್ಲಿ" ಅಂದಳು. ಅಪ್ಪ ಬಾಯಿ ಬಿಟ್ಟು ಕೇಳಿದ. ಅವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದಳು. ಆ ಐದು ದಿನದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ಕೊನೆಯ ದಿನ ಮಧ್ಯಾಹ್ನ ಅಪ್ಪನೂ ನಾನೂ ನಂಜನಗೂಡಿನ ಬಸ್ಸು ಹತ್ತಿದೆವು. ಬಟ್ಟೆಯ ಚೀಲದಲ್ಲಿ ನೂರ ಹತ್ತೊಂಬತ್ತು ಕಾಗದ. ಅವುಗಳಲ್ಲಿ ಐವತ್ತನಾಲ್ಕು ಹೆಬ್ಬೆಟ್ಟಿನವು, ಅಂದರೆ ನನ್ನ ಅಕ್ಷರದವು. ನನ್ನದೇ ಆಕ್ಷೇಪಣೆ ಅದರಲ್ಲಿರಲಿಲ್ಲ. ಅಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದ: "ನೀನ್ ಬರೀಬ್ಯಾಡ ಕಣವ್ವ. ಮಗೀನ ಓದು ಅದೆ. ನಿಂದು ನನ್ನದ್ರಲ್ಲೇ ಅದೆ ಅನ್ಕೋ." ನಾನೂ ಹೂಂ ಅಂದಿದ್ದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಹೂಂ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಕಾಗದ ತೆಗೆದುಕೊಳ್ಳುವ ಕೌಂಟರಿನಲ್ಲಿ ವಿಶಾಲಮ್ಮ ಎಂಬ ಗುಮಾಸ್ತೆ ಇದ್ದಳು. ಕೆಟ್ಟವಳಲ್ಲ. ನಮ್ಮಷ್ಟೇ ಸುಸ್ತಾಗಿದ್ದಳು, ಪಾದ ಊದಿದ್ದರಿಂದ ಚಪ್ಪಲಿ ಬಿಚ್ಚಿ ಕೂತಿದ್ದಳು. ಒಂದೊಂದೇ ಕಾಗದ ತಿರುವಿ, ಹೆಬ್ಬೆಟ್ಟಿನವನ್ನು ಬೇರೆ ಇಡುತ್ತಾ ಹೋದಳು.

"ಯಜಮಾನ್ರೇ, ಇವಕ್ಕೆಲ್ಲ ಬಿಕ್ಕಲಂ ಎಲ್ಲಿ?" ಅಂದಳು. ಬಂದ ಮುದುಕರನ್ನೆಲ್ಲ ಅವಳು ಯಜಮಾನ್ರೇ ಎಂದೇ ಕರೆಯುತ್ತಿದ್ದಳು.

ಅಪ್ಪ ನನ್ನ ಮುಖ ನೋಡಿದ. ಹೆಬ್ಬೆಟ್ಟು ಒತ್ತಿದ ಪತ್ರವನ್ನು ಬರೆದುಕೊಟ್ಟವರು ಯಾರೋ ಅವರು ಕೆಳಗೆ ಬಿಕ್ಕಲಂ ಎಂದು ಬರೆದು ತಮ್ಮ ಹೆಸರು, ವಿಳಾಸ, ರುಜು ಹಾಕಬೇಕು. ಹಳೆಯ ಪದ್ಧತಿ, ಕ್ರಯಪತ್ರಗಳಲ್ಲೆಲ್ಲ ಇರುತ್ತದೆ. ನನಗೆ ಗೊತ್ತಿತ್ತು. ಅರ್ಜಿಗೆ ಯಾರು ಕೇಳುತ್ತಾರೆ ಎಂದು ಬಿಟ್ಟಿದ್ದೆ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಬರ್ದೋರ ಹೆಸರಿಲ್ದೆ ಹೆಬ್ಬೆಟ್ಟು ತಗೊಳಕ್ಕಾಗಲ್ಲ. ನಾಳೆ ಯಾರಾದ್ರೂ ನಾನು ಒತ್ತೇ ಇಲ್ಲ ಅಂದ್ರೆ? ಐದೂವರೆಗೆ ಕ್ಲೋಸು ಮಾಡ್ತೀನಿ. ಯಾರು ಬರ್ದಿದ್ದು ಇವನ್ನ?"

"ನಾನೇ ಕಣವ್ವ ಬರ್ದಿದ್ದು," ಅಂದ ಅಪ್ಪ.

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹತ್ತೂರಿನ ನ್ಯಾಯ ಹೇಳಿದವನು. ವಿಶಾಲಮ್ಮ ಅವನ ಕೈಗೆ ಪೆನ್ನು ಕೊಟ್ಟು, "ಹಂಗಾದ್ರೆ ಬರೀರಿ, ಬಿಕ್ಕಲಂ ಅಂತ ಬರ್ದು ಹೆಸರು, ಊರು ಹಾಕಿ" ಅಂದಳು.

ಅಪ್ಪ ಪೆನ್ನು ಹಿಡಿದ. ಕಾಗದದ ಮೇಲೆ ಬಗ್ಗಿದ. ತನಗೆ ಬರುವ ಮೂರು ಅಕ್ಷರವನ್ನು ಬರೆದ. ಚ, ನ್ನ, ಯ್ಯ. ಆಮೇಲೆ ಪೆನ್ನು ಎತ್ತಿಕೊಂಡು ಹಾಗೇ ನಿಂತ. ಊರಿನ ಹೆಸರು ಅವನಿಗೆ ಬರೆಯಲು ಬಾರದು. ವಿಶಾಲಮ್ಮ ಕಾಗದ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದಳು. ಹಿಂದೆ ನಿಂತಿದ್ದ ಯಾರೋ "ಬೇಗ ಸಾ" ಅಂದರು.

ನನಗೆ ಅದನ್ನು ನೋಡಲಾಗಲಿಲ್ಲ. ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ನೋಡಲಾಗಲಿಲ್ಲ, ಅಷ್ಟೇ. ಪೆನ್ನು ತೆಗೆದುಕೊಂಡು, "ನಾನು ಬರೆದಿದ್ದು ಮೇಡಂ" ಅಂದೆ.

"ಬ್ಯಾಡ ಕಣವ್ವ," ಅಂದ ಅಪ್ಪ ಮೆಲ್ಲಗೆ.

"ಸುಮ್ನಿರಪ್ಪ."

ವೆರಾಂಡದ ಬೆಂಚಿನ ಮೇಲೆ ಕೂತು ಐವತ್ತನಾಲ್ಕು ಸಲ ಬರೆದೆ. ಬಿಕ್ಕಲಂ, ಇಂದ್ರಾಣಿ, ಅಂಗನವಾಡಿ ಕಾರ್ಯಕರ್ತೆ, ಹೆಮ್ಮರಗಾಲ. ಉದ್ಯೋಗ ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಬರೆಯುವುದಾದರೆ ಪೂರ್ತಿ ಬರೆಯೋಣ ಅನ್ನಿಸಿತು. ಮೊದಲ ಹತ್ತಕ್ಕೆ ಕೈ ಬೆವರುತ್ತಿತ್ತು, ಇಪ್ಪತ್ತು ದಾಟಿದ ಮೇಲೆ ಬರೀ ಬೆರಳು ನೋಯುತ್ತಿತ್ತು. ಅವ್ವನ ಹೆಬ್ಬೆಟ್ಟಿನ ಕೆಳಗೆ ಬರೆಯುವಾಗ ಕವನಳ ನೆನಪಾಗಿ ಕಣ್ಣು ಮಂಜಾಯಿತು. ಅಪ್ಪ ಪಕ್ಕದಲ್ಲಿ ಕೂತು ಬರೆದದ್ದನ್ನು ಒಂದೊಂದಾಗಿ ತೆಗೆದು ಜೋಡಿಸುತ್ತಿದ್ದ.

ಕೊಟ್ಟಾಗ ಐದು ಇಪ್ಪತ್ತು. ವಿಶಾಲಮ್ಮ ಎಣಿಸಿ, "ನೂರ ಹತ್ತೊಂಬತ್ತು. ಆಯ್ತಲ್ಲ?" ಅಂದಳು.

"ಒಂದು ಬಿಳಿ ಹಾಳೆ ಇದ್ರೆ ಕೊಡಿ ಮೇಡಂ," ಅಂದೆ.

ಅವಳು ಪ್ರಿಂಟರಿನಿಂದ ಒಂದು ಹಾಳೆ ಎಳೆದು ಕೊಟ್ಟಳು. ಐವತ್ತನಾಲ್ಕು ಜನರ ಕಾರಣ ಬರೆದವಳಿಗೆ ನನ್ನದೇನೆಂದು ಥಟ್ಟನೆ ಹೊಳೆಯಲಿಲ್ಲ. ಕೊನೆಗೆ ಆಟೋದ ವಿಷಯ ಬರೆದೆ. ಮಗು ನನ್ನ ತೊಡೆಯ ಮೇಲಿತ್ತು, ಮೈ ಕೆಂಡವಾಗಿತ್ತು, ಇನ್ನೊಂದು ಮಗುವನ್ನು ಹಾಗೆ ಹೊತ್ತುಕೊಂಡು ಹೋಗಲು ನನ್ನಿಂದಾಗದು, ಅಷ್ಟೇ. ರುಜು ಹಾಕಿದೆ. ನೂರ ಇಪ್ಪತ್ತು ಎಂದು ವಿಶಾಲಮ್ಮ ಸೀಲು ಒತ್ತಿದಳು.

ಸ್ಥಾವರ ಏನಾಯಿತು ಎಂದು ಕೇಳಿದರೆ ಇನ್ನೂ ಏನೂ ಆಗಿಲ್ಲ. ಫೈಲು ಬೆಂಗಳೂರಿಗೆ ಹೋಗಿದೆ ಅನ್ನುತ್ತಾರೆ, ಅಲ್ಲಿಂದ ಡೆಲ್ಲಿಗೆ ಅನ್ನುತ್ತಾರೆ. ನಂಜೇಶ ಹೊಸ ಬ್ಯಾನರ್ ಬರೆಸಬೇಕು ಅನ್ನುತ್ತಿದ್ದಾನೆ. ಹಿಡಿಯುವವರು ಯಾರು ಎಂದು ನಾನು ಕೇಳಲಿಲ್ಲ.

ಆ ಪತ್ರಗಳನ್ನು ಬರೆದದ್ದು ನೀವೇನಾ ಎಂದು ಕೇಳುವ ನೋಟೀಸು ಮಾತ್ರ ನನಗೆ ಹದಿನೈದು ದಿನಕ್ಕೇ ಬಂತು. ಮಂಗಳಗೌರಿ ಮೇಡಂ ತಾವೇ ತಂದು ಕೊಟ್ಟರು. ಮಕ್ಕಳ ಜೊತೆ ಸ್ವಲ್ಪ ಹೊತ್ತು ಕೂತು, "ಬೇರೆ ಯಾರೋ ನಿಮ್ಮ ಹೆಸರು ಬರ್ದಿದ್ದಾರೆ ಅಂತ ಉತ್ತರ ಕೊಡಿ. ಅಕ್ಷರ ತಾಳೆ ನೋಡೋಕೆ ಯಾರಿಗೂ ಪುರಸೊತ್ತಿಲ್ಲ. ನಾನು ನೋಡ್ಕೋತೀನಿ" ಅಂದರು. ಒಳ್ಳೆಯದಕ್ಕೇ ಹೇಳಿದರು. ಅವರು ಹೋದ ಮೇಲೆ ಬಹಳ ಹೊತ್ತು ಯೋಚನೆ ಮಾಡಿದೆ. ಕೆಲಸ ಹೋದರೆ ಕವನಳ ಮುಂದಿನ ವರ್ಷ ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಸಂಜೆ ಅಪ್ಪನ ಜಗಲಿಯಲ್ಲಿ ಕೂತು ಉತ್ತರ ಬರೆದೆ. ನನ್ನ ಜೀವಮಾನದಲ್ಲೇ ಚಿಕ್ಕ ಅರ್ಜಿ ಅದು. "ಮಾನ್ಯರೇ, ಆ ಪತ್ರಗಳನ್ನು ಬರೆದವಳು ನಾನೇ." ಓದಿ ಹೇಳಿದೆ. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹತ್ತಿರ ಸರಿದು, ಪೆನ್ನಿಗೆ ಕೈ ಚಾಚಿದ.

"ಕೆಳಗ್ ನಾನೂ ಒಂದ್ ಸೈನ್ ಆಕ್ಲಾ ಕಣವ್ವ?"

"ಬೇಡ ಕಣಪ್ಪ," ಅಂದೆ. "ಇದು ವೈಯಕ್ತಿಕ."

ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ನಾನು ರುಜು ಹಾಕುವಾಗ ಗಾಳಿಗೆ ಕಾಗದ ಹಾರದಂತೆ ಅದರ ಮೂಲೆಯನ್ನು ಒತ್ತಿ ಹಿಡಿದುಕೊಂಡ.